ಮಗ್ಗಿಯ ಕಟ್ಟೆ

ನಮ್ಮ ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರವಿದೆ. ಮರದ ಸುತ್ತ ಕಲ್ಲಿನ ಕಟ್ಟೆ. ಕೊಪ್ಪಳದಲ್ಲಿ ಕಟ್ಟೆಗಳಿಗೇನು ಕಡಿಮೆಯಿಲ್ಲ, ಕೂತು ಹರಟೆ ಹೊಡೆಯುವವರಿಗಂತೂ ಮೊದಲೇ ಇಲ್ಲ. ಆದರೆ ಈ ಕಟ್ಟೆಯ ಮೇಲೆ ಯಾರೂ ಕೂರುವುದಿಲ್ಲ. ಇದರ ಮೇಲೆ ನಿಲ್ಲುತ್ತಾರೆ. ದಿನಕ್ಕೆ ಒಬ್ಬರೇ, ಸಂಜೆ ಶಾಲೆ ಬಿಡುವ ಹೊತ್ತಿಗೆ, ಮಗ್ಗಿ ಹೇಳಲು.

ಕಟ್ಟೆಯ ಮೇಲಿರುವ ಮಗು ಒಂದು ಸಾಲು ಹೇಳುತ್ತದೆ, ಕೆಳಗೆ ನಿಂತ ಶಾಲೆಯೆಲ್ಲ ಅದನ್ನೇ ತಿರುಗಿ ಹೇಳುತ್ತದೆ. ಒಂದನೇ ತರಗತಿಯವರಿಗೆ ಎರಡರ ಮಗ್ಗಿ. ತರಗತಿ ಏರಿದಂತೆ ಮಗ್ಗಿಯೂ ಏರುತ್ತದೆ. ಪಾಠ ಆದವರಿಗಷ್ಟೇ ಪಾಳಿ ಸಿಗುವುದು. ಇದಕ್ಕೆ ನಮ್ಮಲ್ಲಿ ‘ಕಟ್ಟಿ ಹತ್ತೋದು’ ಎನ್ನುತ್ತಾರೆ. ಇದಕ್ಕೊಂದು ನಿಯಮವಿದೆ. ಕಟ್ಟೆಯ ಮೇಲಿನವರು ನಡುವೆ ಮರೆತು ನಿಂತರೆ ಯಾರೂ ಹೇಳಿಕೊಡಬಾರದು, ಯಾರೂ ನಗಬಾರದು, ಯಾರೂ ಮನೆಗೂ ಹೋಗಬಾರದು. ನೆನಪಾಗುವವರೆಗೆ ಇಡೀ ಶಾಲೆ ಕಾಯಬೇಕು. ಈ ನಿಯಮವನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಶಾಲೆಯೇ ನಿಜಾಮರ ಕಾಲದ್ದು. ಎದುರಿನ ಟೇಲರ್ ಚಾಚಾ ಹೇಳುವ ಪ್ರಕಾರ ಅವರ ಅಜ್ಜ ಇದೇ ಕಟ್ಟೆ ಹತ್ತಿ ಉರ್ದುವಿನಲ್ಲಿ ಮಗ್ಗಿ ಹೇಳಿದ್ದರಂತೆ. ಭಾಷೆ ಬದಲಾಯಿತು, ಸರ್ಕಾರ ಬದಲಾಯಿತು, ಹೆಂಚು ಹೋಗಿ ಆರ್‌ಸಿಸಿ ಬಂತು. ಕಟ್ಟೆ ಮಾತ್ರ ಉಳಿಯಿತು.

ನಾನು ಈ ಶಾಲೆಯ ಮುಖ್ಯ ಶಿಕ್ಷಕಿ. ಅದಕ್ಕೂ ಮೊದಲು ಈ ಶಾಲೆಯ ವಿದ್ಯಾರ್ಥಿನಿ. ನನ್ನ ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ, ಅವ್ವ ಬೇವೂರಿನಿಂದ ಬಂದವಳು, ಇದೇ ಶಾಲೆಯ ಕಾಂಪೌಂಡಿಗೆ ಒರಗಿ ಕೂತು ಸೊಪ್ಪು ಮಾರುತ್ತಿದ್ದವಳು. ಆಗ ಶಾಲೆ ಎಷ್ಟು ತುಂಬಿತ್ತೆಂದರೆ ಕೋಣೆ ಸಾಲದೆ ಬೆಳಗಿನದೊಂದು ಪಾಳಿ, ಮಧ್ಯಾಹ್ನದ್ದೊಂದು ಪಾಳಿ. ಆದರೂ ನಮ್ಮ ತರಗತಿ ಕೂತದ್ದು ಮರದ ಕೆಳಗೆ. ಡಾಕ್ಟರ ಮಗಳು, ತಹಶೀಲ್ದಾರರ ಮಗ, ಕಂಡಕ್ಟರನ ಮಗ, ನಾನು, ಎಲ್ಲರೂ ಒಂದೇ ಗೋಣಿತಟ್ಟಿನ ಮೇಲೆ. ಡಾಕ್ಟರ ಮಗಳ ಹೇನು ನನ್ನ ತಲೆಗೆ ಬಂದದ್ದೋ ನನ್ನವು ಅವಳ ತಲೆಗೆ ಹೋದದ್ದೋ, ಆ ಜಗಳ ಏಳನೇ ತರಗತಿಯವರೆಗೂ ಇತ್ಯರ್ಥವಾಗಲಿಲ್ಲ.

ಹದಿನೇಳರ ಮಗ್ಗಿ ಹೇಳಲು ನಾನು ಕಟ್ಟೆ ಹತ್ತಿದ ಸಂಜೆ ‘ಹದಿನೇಳೆಂಟ್ಲೆ’ ಎಂದವಳು ಅಲ್ಲೇ ನಿಂತುಬಿಟ್ಟೆ. ಮುಂದಿನದು ಬಾಯಿಗೆ ಬರಲೊಲ್ಲದು. ಕೆಳಗೆ ಶಾಲೆಯೆಲ್ಲ ತಲೆ ಎತ್ತಿ ನನ್ನನ್ನೇ ನೋಡುತ್ತಿದೆ. ಕಾಂಪೌಂಡಿನಾಚೆ ಅವ್ವ ಸೊಪ್ಪಿನ ಸಿವುಡು ಕಟ್ಟುವುದನ್ನು ಬಿಟ್ಟು ಎದ್ದು ನಿಂತಿದ್ದಾಳೆ. ನಮ್ಮ ಅಕ್ಕೋರು, ಅಂದರೆ ಟೀಚರು, ಕೈ ಕಟ್ಟಿ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವಿರಲಿಲ್ಲ. ‘ನಿನಗ ಬರ್ತೈತಿ. ನಾವೇನ್ ಎಲ್ಲಿಗೂ ಹೋಗಂಗಿಲ್ಲ’ ಎಂದರು. ಅಷ್ಟೆ. ಸ್ವಲ್ಪ ಹೊತ್ತಿಗೆ ‘ನೂರಾ ಮೂವತ್ತಾರು’ ತಾನಾಗಿ ಬಂತು, ಶಾಲೆ ಅದನ್ನು ತಿರುಗಿ ಕೂಗಿತು. ಹಮಾಲಿಯ ಮಗಳೊಬ್ಬಳಿಗಾಗಿ ಅಷ್ಟು ಜನ ಕಾದರಲ್ಲ! ಆಮೇಲೆ ನನ್ನ ಜೀವನದಲ್ಲಿ ಯಾವ ಸಾಹೇಬರ ಮುಂದೆ ನಿಂತರೂ ನನ್ನ ಕಾಲು ನಡುಗಿಲ್ಲ. ನನ್ನನ್ನು ಸೊಕ್ಕಿನವಳು ಎನ್ನುವವರಿದ್ದಾರೆ. ಇದ್ದರೆ ಇರಲಿ, ಆ ಸೊಕ್ಕು ನನಗೆ ಸರ್ಕಾರಿ ಶಾಲೆ ಕೊಟ್ಟದ್ದು.

ನೌಕರಿ ಸಿಕ್ಕ ಮೇಲೆ ಕಟ್ಟೆಯನ್ನೂ ಜೊತೆಗೆ ಕಟ್ಟಿಕೊಂಡೇ ತಿರುಗಿದೆ. ಮೊದಲು ಕುಷ್ಟಗಿ ಕಡೆಯ ಹಳ್ಳಿ. ಅಲ್ಲಿ ಕಟ್ಟೆಯಿರಲಿಲ್ಲ, ಮುರಿದ ಬೀಸುಕಲ್ಲಿನ ಮೇಲೆ ಮಕ್ಕಳನ್ನು ನಿಲ್ಲಿಸಿದೆ. ಆಮೇಲೆ ಗಂಗಾವತಿ ಆಚೆ, ಕಾರಟಗಿ ಹತ್ತಿರ, ಆಂಧ್ರದಿಂದ ಬಂದು ನೆಲೆಸಿದ ರೈತರ ಕಾಲುವೆ ಕ್ಯಾಂಪು. ಅಲ್ಲಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ; ಮರೆತು ನಿಂತರೆ ತೆಲುಗಿನಲ್ಲಿ ಬೆರಳು ಎಣಿಸಿ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದವು. ರೈಸ್ ಮಿಲ್ಲಿನ ಸದ್ದಿಗೆ ಮಗ್ಗಿ ಕೇಳಿಸುವುದಿಲ್ಲವೆಂದು ಅವು ಗಂಟಲು ಹರಿಯುವಂತೆ ಕೂಗುವುದನ್ನು ಕಲಿತವು. ಯಲಬುರ್ಗಾ ತಾಲ್ಲೂಕಿಗೆ ಬಂದಾಗ ನನಗೆ ಸಿಕ್ಕದ್ದು ಅವ್ವನ ತವರು ಬೇವೂರಿನ ಪಕ್ಕದ ಊರು. ಅಲ್ಲಿ ಊರವರೇ ಹೊಲದ ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿಕೊಟ್ಟರು. ಈಗಲೂ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟು ‘ಅಕ್ಕೋರ, ನಾ ನಿಮ್ಮ ಕೈಯಾಗ ಕಟ್ಟಿ ಹತ್ತಿದಾಂವ’ ಎಂದರೆ ಆ ದಿನವೆಲ್ಲ ನನಗೆ ಊಟ ಬೇಡ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನನ್ನ ಗಂಡ ನಗುತ್ತಾರೆ.

ಕಡೆಗೆ ವರ್ಗವಾಗಿ ಕೊಪ್ಪಳಕ್ಕೆ, ನನ್ನ ಶಾಲೆಗೇ ಬಂದೆ. ಬರುವ ಹೊತ್ತಿಗೆ ಎರಡು ಪಾಳಿ ಹೋಗಿ ಒಂದೇ ಆಗಿತ್ತು. ಮರದ ಕೆಳಗೆ ಕೂರಬೇಕಾದ ತರಗತಿಯೂ ಇರಲಿಲ್ಲ, ಕೋಣೆಗಳೇ ಹೆಚ್ಚಾಗಿದ್ದವು. ಒಂದೊಂದಕ್ಕೇ ಬೀಗ ಬಿತ್ತು. ಊರಿನ ಸುತ್ತ ಖಾಸಗಿ ಶಾಲೆಗಳೆದ್ದವು, ಬೆಳಗಾದರೆ ಹಳದಿ ವ್ಯಾನುಗಳು ಓಣಿ ಓಣಿಗೂ ನುಗ್ಗಿ ಮಕ್ಕಳನ್ನು ತುಂಬಿಕೊಂಡು ಹೋಗತೊಡಗಿದವು. ಟೈ, ಬೆಲ್ಟು, ಬೂಟು. ಡಾಕ್ಟರ ಮಕ್ಕಳು ಮೊದಲು ಹೋದರು, ಗುಮಾಸ್ತರ ಮಕ್ಕಳು ಆಮೇಲೆ, ಕೊನೆಗೆ ಆ ವ್ಯಾನಿನ ಡ್ರೈವರನ ಮಕ್ಕಳೂ. ಹೋದವರ ಅಪ್ಪಂದಿರೆಲ್ಲ ಇದೇ ಕಟ್ಟೆ ಹತ್ತಿದವರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ನನ್ನ ಮಗನನ್ನು ನಾನು ಇದೇ ಶಾಲೆಯಲ್ಲಿ ಓದಿಸಿದೆ. ಆದ್ದರಿಂದ ಸಿಟ್ಟಾಗುವ ಹಕ್ಕು ನನಗಿದೆ.

ಕಳೆದ ಬೇಸಿಗೆಯಲ್ಲಿ ಶಾಲೆ ನೋಡಲು ಬಂದ ಸಾಹೇಬರು ಬೀಗ ಹಾಕಿದ ಕೋಣೆಗಳ ಮುಂದೆ ಓಡಾಡಿ, ಹೋಗುವಾಗ ಮೆತ್ತಗೆ ಹೇಳಿದರು: ‘ನೋಡ್ರಿ ಮೇಡಂ, ಈ ಸಲ ಒಂದನೇ ಕ್ಲಾಸಿಗೆ ಮಕ್ಕಳು ಬರ್ಲಿಲ್ಲಂದ್ರ ದೊಡ್ಡ ರಸ್ತೆ ಆಚೆಗಿನ ಸಾಲಿಗೆ ಇದನ್ನ ಸೇರಿಸಬೇಕಾಗ್ತೈತಿ. ನನ್ನ ಕೈಯಾಗ ಇಲ್ಲ.’ ಒಳ್ಳೆಯ ಮನುಷ್ಯ, ಹೇಳಿ ಹೋದ. ಸೇರಿಸುವುದು ಎಂದರೆ ಮುಚ್ಚುವುದಕ್ಕೆ ಇಟ್ಟ ಮುದ್ದಿನ ಹೆಸರು. ಲಾರಿಗಳು ಓಡಾಡುವ ಆ ರಸ್ತೆಯನ್ನು ಒಂದನೇ ತರಗತಿಯ ಮಗು ದಾಟುವುದುಂಟೇ? ಅದು ದಾಟುವುದಿಲ್ಲ, ಮನೆಯಲ್ಲೇ ಉಳಿಯುತ್ತದೆ. ಹೆಣ್ಣಾದರಂತೂ ಕೇಳುವುದೇ ಬೇಡ.

ಮೇ ತಿಂಗಳ ಬಿಸಿಲಿನಲ್ಲಿ ನಾನೂ ನಮ್ಮ ಚಿಕ್ಕ ಟೀಚರೂ ಮನೆ ಮನೆ ತಿರುಗಿದೆವು. ಚಿಕ್ಕ ಟೀಚರು ಹೊಸದಾಗಿ ನೌಕರಿಗೆ ಬಂದ ಹುಡುಗಿ, ಚುರುಕು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾಳೆ. ಈ ವರ್ಷದಿಂದ ನಮ್ಮಲ್ಲೂ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿಗೆ ಒಪ್ಪಿಗೆ ಸಿಕ್ಕದ್ದು ಅವಳ ಓಡಾಟದಿಂದಲೇ. ಒಂದು ಬಾಗಿಲಲ್ಲಿ ಒಬ್ಬ ತಂದೆ ಅವಳ ಮಾತನ್ನೆಲ್ಲ ಕೇಳಿಸಿಕೊಂಡು, ‘ಎಲ್ಲಾ ಖರೆ ಬಿಡ್ರಿ. ಆದ್ರ ನಿಮ್ಮ ಸಾಲ್ಯಾಗ ಸಂಜಿ ಆದ್ರ ಸಂತ್ಯಾಗ ಒದರಿದಂಗ ಒದರ್ತಾರ. ಪ್ರೈವೇಟ್ ಸಾಲ್ಯಾಗ ನೋಡ್ರಿ, ಪಿನ್ ಬಿದ್ರೂ ಕೇಳ್ತೈತಿ’ ಎಂದ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿ ತೆರೆಯುವ ಮೊದಲೇ ಚಿಕ್ಕ ಟೀಚರು ನನ್ನ ಸೆರಗು ಹಿಡಿದು ಎಳೆದುಕೊಂಡು ಹೋದಳು.

ಅಲ್ಲಿಂದ ರೈಲು ಹಳಿಯಾಚೆಯ ಭಾಗ್ಯನಗರಕ್ಕೆ ಹೋದೆವು. ಅಲ್ಲಿ ಕೂದಲಿನ ಕೆಲಸದ ಮನೆಗಳು ಬಹಳ. ಎಲ್ಲೆಲ್ಲಿಂದಲೋ ಗಂಟು ಗಂಟಾಗಿ ಬರುವ ಕೂದಲನ್ನು ಹೆಂಗಸರು ಕೂತು ಸಿಕ್ಕು ಬಿಡಿಸಿ, ಉದ್ದ ಗಿಡ್ಡ ಬೇರೆ ಮಾಡಿ ಕಟ್ಟುತ್ತಾರೆ. ಅಂಥ ಒಂದು ಪಡಸಾಲೆಯಲ್ಲಿ ಒಬ್ಬ ತಾಯಿ ನಮ್ಮನ್ನು ನೋಡಿದವಳೇ ಮಡಿಲಿನಲ್ಲಿದ್ದ ಕೂದಲನ್ನು ಬದಿಗೆಸೆದು ಎದ್ದಳು.

‘ಅಕ್ಕೋರ, ನಾನೂ ಆ ಸಾಲ್ಯಾಗ ಇದ್ದಾಕಿರಿ. ನೀವು ಬರೋಕಿನ್ನ ಮೊದ್ಲು. ನಾಕನೇತ್ತ ತನಕ ಇದ್ದೆ.’

‘ಕಟ್ಟಿ ಹತ್ತಿದ್ದಿ?’ ಎಂದು ಕೇಳಿದೆ. ನಮ್ಮ ಶಾಲೆಯವರು ಯಾರು ಸಿಕ್ಕರೂ ನಾನು ಕೇಳುವ ಮೊದಲ ಮಾತು ಅದೇ.

‘ಇಲ್ರಿ. ಮನ್ಯಾಗ ಸಣ್ಣಾವು ಇದ್ವು, ಎತ್ತಿಕೊಳ್ಳಾಕಂತ ಪದೇ ಪದೇ ಬಿಡಸೋರು. ನನ್ನ ಪಾಳಿ ಬರ್ಲೇ ಇಲ್ಲ. ಕಡಿಗೆ ಪೂರಾನ ಬಿಡಸಿದ್ರು.’ ಪಕ್ಕದಲ್ಲಿದ್ದ ಪುಟ್ಟ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು. ‘ಇಕಿನ್ನ ಸಾಲಿಗೆ ಹಚ್ಚತೀನಿ, ಹಳಿ ದಾಟಿಸಾಕ ಮನ್ಯಾಗ ಮಂದಿ ಅದಾರ. ನನಗ ಇಂಗ್ಲೀಷ್ ಗಿಂಗ್ಲೀಷ್ ತಿಳಿಯಂಗಿಲ್ರಿ. ಇಕಿ ಒಮ್ಮೆ ಕಟ್ಟಿ ಹತ್ತಬೇಕು, ನಾ ಗೇಟಿನಾಗ ನಿಂತು ನೋಡಬೇಕು.’

ಆ ದಿನ ನಾನು ಹಳಿ ದಾಟಿ ವಾಪಸು ಬಂದದ್ದು ಎದೆ ಸೆಟೆಸಿಕೊಂಡು. ಹಾಗೆ ಮನೆ ಮನೆ ತಿರುಗಿ ಒಂದನೇ ತರಗತಿ ತುಂಬಿಸಿದೆವು.

ಶಾಲೆ ಶುರುವಾಗುವ ಮುಂಚಿನ ಸಭೆಯಲ್ಲಿ ಚಿಕ್ಕ ಟೀಚರು ಆ ತಂದೆಯ ಮಾತನ್ನು ಎತ್ತಿದಳು. ‘ಮೇಡಂ, ಬೇಜಾರ್ ಮಾಡ್ಕೋಬ್ಯಾಡ್ರಿ. ಸ್ವಲ್ಪ ದಿನ ಮಗ್ಗಿ ಬಿಡೂಣು. ಸಾಲಾಗಿ, ಸುಮ್ಮನ ಮನೀಗೆ ಕಳಸೂಣು. ನೋಡೋರಿಗೆ ಶಿಸ್ತು ಕಾಣ್ತೈತಿ.’ ಶಾಲೆಯ ಸಮಿತಿಯವರೂ ತಲೆಯಾಡಿಸಿದರು. ನನಗೆ ಮನಸ್ಸಿರಲಿಲ್ಲ. ಆದರೆ ಶಾಲೆ ಉಳಿಯುವುದು ಮುಖ್ಯ, ಕಟ್ಟೆ ಎಲ್ಲಿ ಹೋಗುತ್ತದೆ ಎಂದುಕೊಂಡು ಹೂಂ ಎಂದೆ. ಜೂನಿನ ಮೊದಲ ಸಂಜೆ ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಸಾಲಾಗಿ ಹೊರಟವು. ನಿಜಕ್ಕೂ ಪಿನ್ ಬಿದ್ದರೆ ಕೇಳುವಂತಿತ್ತು. ಚಿಕ್ಕ ಟೀಚರು ಖುಷಿಯಿಂದ ನನ್ನ ಕಡೆ ನೋಡಿದಳು.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ವಾರ ಕಳೆಯುವಷ್ಟರಲ್ಲಿ ಟೇಲರ್ ಚಾಚಾ ಅಳತೆಯ ಟೇಪು ಕೊರಳಲ್ಲೇ ಇರುವಂತೆ ರಸ್ತೆ ದಾಟಿ ಆಫೀಸಿನ ಬಾಗಿಲಿಗೆ ಬಂದರು.

‘ಹೆಡ್ ಅಕ್ಕೋರ, ಬೇಜಾರಾಯ್ತ್ರಿ. ನಮಗ ಒಂದು ಮಾತು ಹೇಳಬೇಕಿತ್ತಲ್ರಿ. ಇಷ್ಟು ವರ್ಷ ಎದುರಾಎದುರು ಇದ್ದೀವಿ.’

‘ಏನಾತು ಚಾಚಾ?’

‘ಸಾಲಿ ಬಂದ್ ಮಾಡಾಕ ಹತ್ಯಾರಂತಲ್ಲ. ಓಣಿಗೆಲ್ಲಾ ಗೊತ್ತಾಗೇತಿ.’

ನಾನು ಬೆಚ್ಚಿದೆ. ಯಾರು ಹೇಳಿದರು ಎಂದು ಕೇಳಿದರೆ ಚಾಚಾ ನನ್ನನ್ನೇ ವಿಚಿತ್ರವಾಗಿ ನೋಡಿದರು. ‘ಯಾರು ಹೇಳಬೇಕ್ರಿ? ಸಂಜಿ ಆವಾಜ್ ಬಂದ್ ಆಗೇತಿ. ನಮ್ಮಪ್ಪ ತೀರ್ಕೊಂಡ ದಿನಾನೂ ಇಲ್ಲಿ ಮಗ್ಗಿ ನಿಂತಿದ್ದಿಲ್ಲ. ಮಗ್ಗಿ ನಿಂತೈತಿ ಅಂದ್ರ ಮತ್ತೇನ್ರಿ ಉಳೀತು?’

ಬೀಗ ಬಿದ್ದ ಕೋಣೆಗಳನ್ನು ಓಣಿ ನೋಡಿತ್ತು, ಸಾಹೇಬರು ಬಂದುಹೋದದ್ದನ್ನೂ ನೋಡಿತ್ತು. ಈಗ ಸದ್ದೂ ನಿಂತ ಮೇಲೆ ಎರಡಕ್ಕೆರಡು ಕೂಡಿಸಿಕೊಂಡಿತ್ತು. ನಾವು ಶಿಸ್ತು ಎಂದುಕೊಂಡದ್ದು ಊರಿಗೆ ಸೂತಕದಂತೆ ಕಂಡಿತ್ತು. ಈಗಲೂ ಕಾಂಪೌಂಡಿಗೆ ಒರಗಿ ಕೂರುವ ಸೊಪ್ಪಿನವರು ಸಂತೆಯಲ್ಲಿ ಹೇಳಿದರು, ಸಂತೆಯಿಂದ ಸುದ್ದಿ ಹಳಿ ದಾಟಿ ಭಾಗ್ಯನಗರಕ್ಕೆ ಹೋಯಿತು. ಇವತ್ತಲ್ಲ ನಾಳೆ ಮುಚ್ಚುವ ಶಾಲೆಯಲ್ಲಿ ಮಕ್ಕಳನ್ನು ಯಾರು ಬಿಡುತ್ತಾರೆ? ಮರುದಿನವೇ ತಾಯಂದಿರು ಟಿ.ಸಿ. ಕೇಳಲು ಬಂದರು. ನಮ್ಮ ಕೈಯಾರೆ ನಮ್ಮ ಕಾಲ ಮೇಲೆ ಕಲ್ಲು ಹಾಕಿಕೊಂಡಿದ್ದೆವು.

ಎಲ್ಲರಿಗಿಂತ ಮುಂದೆ ನಿಂತಿದ್ದವಳು ಆ ಕೂದಲಿನ ಕೆಲಸದ ತಾಯಿ. ದುಡಿಮೆ ಬಿಟ್ಟು ಬಂದಿದ್ದಳು, ಸೀರೆಗೆ ಕೂದಲೆಳೆಗಳು ಅಂಟಿಕೊಂಡೇ ಇದ್ದವು. ಶಾಲೆ ಮುಚ್ಚುವುದಿಲ್ಲ, ಗಾಳಿಮಾತು ನಂಬಬೇಡ ಎಂದು ಸಮಾಧಾನ ಮಾಡಲು ನೋಡಿದೆ.

‘ಮುಚ್ಚಲಿಕ್ಕಿಲ್ರಿ. ಕಟ್ಟಿ ಹತ್ತಸ್ತೀರೋ ಇಲ್ಲೋ?’

ಚಿಕ್ಕ ಟೀಚರು ಇಂಗ್ಲಿಷ್, ಶಿಸ್ತು ಎಂದು ವಿವರಿಸತೊಡಗಿದಳು. ಆ ತಾಯಿ ಅವಳ ಮಾತು ಮುಗಿಯಲು ಬಿಡಲಿಲ್ಲ.

‘ಟೀಚರ, ಸುಮ್ಮನ ಕೂಡಸೋ ಸಾಲಿ ಊರ ತುಂಬ ಅದಾವು. ಸುಮ್ಮನ ಕೂಡ್ರೋದು ನಮ್ಮ ಮಕ್ಕಳಿಗೆ ನಾವು ಕಲಸೀವ್ರಿ, ಮನ್ಯಾಗ ಅದನ್ನ ಕಲಸೋದು. ನಾ ಇಕಿನ್ನ ಇಲ್ಲಿಗೆ ಕರಕೊಂಡು ಬಂದಿದ್ದು ಬಾಯಿ ಬರ್ಲಿ ಅಂತ. ಅದ ಇಲ್ಲಂದ್ರ ನನ್ನ ಟಿ.ಸಿ. ನನಗ ಕೊಡ್ರಿ.’

ಅವಳು ‘ಮಗಳ ಟಿ.ಸಿ.’ ಎನ್ನದೆ ‘ನನ್ನ ಟಿ.ಸಿ.’ ಎಂದದ್ದು ನನಗೆ ನೆಟ್ಟಿತು. ಚಿಕ್ಕ ಟೀಚರು ನನ್ನ ಮುಖ ನೋಡಿದಳು. ಜಾಣೆ ಹುಡುಗಿ, ಎರಡು ಸಲ ಹೇಳಿಸಿಕೊಳ್ಳುವವಳಲ್ಲ. ಅವಳೇ ಎದ್ದು ಹೋಗಿ ಏಳನೇ ತರಗತಿಯಿಂದ ಒಂದು ಹುಡುಗಿಯನ್ನು ಕರೆತಂದಳು. ಅಂದು ಟಿ.ಸಿ. ಕೇಳಲು ಬಂದ ತಾಯಂದಿರನ್ನು ಸಂಜೆಯವರೆಗೆ ನಿಲ್ಲಿಸಿಕೊಂಡೆವು. ಶಾಲೆಯೆಲ್ಲ ಮರದ ಕೆಳಗೆ ಸೇರಿತು. ಹುಡುಗಿ ಕಟ್ಟೆ ಹತ್ತಿ ಹತ್ತೊಂಬತ್ತರ ಮಗ್ಗಿ ಎತ್ತಿದಳು. ವಾರದಿಂದ ಬಾಯಿ ಕಟ್ಟಿಸಿಕೊಂಡಿದ್ದ ಮಕ್ಕಳು ಒದರಿದ ರಭಸಕ್ಕೆ ಮರದ ಮೇಲಿನ ಗಿಳಿಗಳೆಲ್ಲ ಎದ್ದು ಹಾರಿಹೋದವು. ಎದುರಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿ ಚಾಚಾ ಎದ್ದು ನಿಂತರು. ಅವರೂ ತಿರುಗಿ ಹೇಳುತ್ತಿದ್ದರು. ಸೊಪ್ಪಿನವರೂ ಹೇಳುತ್ತಿದ್ದರು. ಎಷ್ಟೋ ವರ್ಷಗಳಿಂದ ಹಾಗೆ ಹೇಳುತ್ತಲೇ ಇದ್ದಿರಬೇಕು, ನಮ್ಮದೇ ಗದ್ದಲದಲ್ಲಿ ನಾವು ಕೇಳಿಸಿಕೊಂಡಿರಲಿಲ್ಲ. ಖಾಸಗಿ ಶಾಲೆಯ ಹಳದಿ ವ್ಯಾನೊಂದು ಗೇಟಿನ ಮುಂದೆ ನಿಂತಿತು. ಒಳಗಿನಿಂದ ಟೈ ಕಟ್ಟಿದ ಮಕ್ಕಳೂ ಕಿಟಕಿಗೆ ಬಾಯಿಟ್ಟು ಕೂಗತೊಡಗಿದವು. ಡ್ರೈವರ್ ನನ್ನ ಕಡೆ ನೋಡಿ, ‘ಏನ್ ಮಾಡ್ಲಿರಿ ಅಕ್ಕೋರ, ದಿನಾ ಇಲ್ಲಿ ನಿಂದ್ರಸು ಅಂತಾವ’ ಎಂದು ಹಲ್ಲು ಕಿರಿದ.

ಕೊಪ್ಪಳದ ಸರ್ಕಾರಿ ಶಾಲೆ ಸತ್ತಿತು ಎಂದು ಭಾಷಣ ಮಾಡುವವರು ಆ ಸಂಜೆ ಅಲ್ಲಿರಬೇಕಿತ್ತು.

ಸಾಹೇಬರು ಮತ್ತೆ ಬಂದರು, ಒಂದನೇ ತರಗತಿಯನ್ನು ನೋಡಿದರು, ‘ಈ ವರ್ಷ ಇರ್ಲಿ ಬಿಡ್ರಿ’ ಎಂದರು. ಮುಂದಿನ ವರ್ಷದ್ದು ನನಗೆ ಗೊತ್ತಿಲ್ಲ. ಬೀಗ ಹಾಕಿದ ಕೋಣೆಗಳು ಹಾಗೇ ಇವೆ, ಅವಕ್ಕೆ ಸುಳ್ಳಿನ ಬಣ್ಣ ಬಳಿಯುವ ಅಭ್ಯಾಸ ನನಗಿಲ್ಲ. ನಾನು ನಿವೃತ್ತಳಾಗುವ ಕಾಲವೂ ಹತ್ತಿರ ಬಂದಿದೆ. ಚಿಕ್ಕ ಟೀಚರು ಈಗ ಮಗ್ಗಿಯ ಹೊತ್ತಿಗೆ ನನಗಿಂತ ಮೊದಲು ಮರದ ಕೆಳಗೆ ಹಾಜರಿರುತ್ತಾಳೆ.

ಸಂಕ್ರಾಂತಿ ಕಳೆದ ಮೇಲೆ ಒಂದನೇ ತರಗತಿಯವರ ಪಾಳಿ ಶುರುವಾಯಿತು. ಭಾಗ್ಯನಗರದ ಆ ಪುಟ್ಟ ಹುಡುಗಿ ಕಟ್ಟೆ ಹತ್ತುವ ದಿನ ತಾಯಿಗೆ ಹೇಳಿ ಕಳಿಸಿದ್ದೆ. ಅವಳು ಗೇಟಿನಲ್ಲಿ ನಿಂತಿದ್ದಳು. ಹುಡುಗಿಗೆ ಕಟ್ಟೆ ಎತ್ತರವಾಗಿ ಚಿಕ್ಕ ಟೀಚರೇ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದಳು. ‘ಎರಡೊಂದ್ಲೆ ಎರಡು’ ಗಟ್ಟಿಯಾಗಿ ಬಂತು. ಶಾಲೆ ತಿರುಗಿ ಹೇಳಿತು. ಎರಡು, ಮೂರು, ನಾಲ್ಕು, ಐದು, ಆರು ದಾಟಿತು. ‘ಎರಡೇಳ್ಲೆ’ ಎಂದವಳು ನಿಂತುಬಿಟ್ಟಳು.

ಶಾಲೆ ಕಾಯಿತು. ನಗು ಇಲ್ಲ, ಪಿಸುಮಾತಿಲ್ಲ. ಎದುರಿಗೆ ಚಾಚಾರ ಯಂತ್ರ ನಿಂತಿತು. ವ್ಯಾನು ಬಂದು ನಿಂತಿತ್ತು, ಡ್ರೈವರ್ ಹಾರ್ನಿನ ಮೇಲಿಂದ ಕೈ ತೆಗೆದಿದ್ದ. ಹುಡುಗಿಯ ಕಣ್ಣು ತುಂಬಿತು. ಗೇಟಿನಲ್ಲಿ ತಾಯಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ಅವಳಿಗೆ ಉತ್ತರ ಗೊತ್ತಿತ್ತು, ನಿಯಮವೂ ಗೊತ್ತಿತ್ತು. ನಾನು ಕೈ ಕಟ್ಟಿಕೊಂಡು, ನನ್ನ ಅಕ್ಕೋರು ಹೇಳಿದ್ದನ್ನೇ ಹೇಳಿದೆ. ‘ನಿನಗ ಬರ್ತೈತಿ. ನಾವೇನ್ ಎಲ್ಲಿಗೂ ಹೋಗಂಗಿಲ್ಲ.’

ಹುಡುಗಿ ಮೂಗು ಒರೆಸಿಕೊಂಡಳು. ‘ಹದಿನಾಕು’ ಎಂದಳು.

ಓಣಿಗೆ ಓಣಿಯೇ ತಿರುಗಿ ಹೇಳಿತು.

ಶಾಲೆ ಬಿಟ್ಟ ಮೇಲೆ ತಾಯಿ ಮಗಳ ಕೈ ಹಿಡಿದು ಹಳಿಯ ಕಡೆ ಹೊರಟಳು. ನಾನು ಗೇಟಿನ ಚಿಲಕ ಹಾಕುತ್ತಿದ್ದಾಗ ಆ ಕಡೆಯಿಂದ ಮೂರರ ಮಗ್ಗಿ ಕೇಳಿಸಿತು. ಈ ಸಲ ಹೇಳುತ್ತಿದ್ದವಳು ತಾಯಿ, ತಿರುಗಿ ಹೇಳುತ್ತಿದ್ದವಳು ಮಗಳು.